ಸೋರಿಯಾಸಿಸ್‌ಗೂ ಮೈಕ್ರೋ ಆರ್‌ಎನ್‌ಎಗೂ ಏನು ನಂಟು?

ಪ್ರಶ್ನೆ: ಜೀನ್ಸ್ ಹೊಲಿಯುವವನು, ಬಳ್ಳಾರಿ

ಇಪ್ಪತ್ತೆರಡು ವರ್ಷಗಳಿಂದ ಜೀನ್ಸ್ ಹೊಲಿಯುತ್ತಿದ್ದೇನೆ. ಆರು ವರ್ಷಗಳಿಂದ ಎರಡೂ ಮೊಣಕೈಗಳಲ್ಲಿ ಸೋರಿಯಾಸಿಸ್ ಇದೆ. ಬೆಳಿಗ್ಗೆ ಮೆಷಿನ್ ಮುಂದೆ ಕುಳಿತರೆ ಮಧ್ಯಾಹ್ನದ ಹೊತ್ತಿಗೆ ನೀಲಿ ಬಟ್ಟೆಯ ಮೇಲೆ ಬಿಳಿ ಹೊಟ್ಟು ಉದುರಿರುತ್ತದೆ. ಯಾರಾದರೂ ನೋಡುವ ಮೊದಲೇ ಒರೆಸಿಬಿಡುತ್ತೇನೆ. ಹಲಗೆಯ ಅಂಚಿಗೆ ತಾಗುವ ಬಲ ಮೊಣಕೈಯಲ್ಲೇ ಹೆಚ್ಚು.

ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. "ಮೈಕ್ರೋ ಆರ್‌ಎನ್‌ಎ ಕಂಡುಹಿಡಿದವರಿಗೆ 2024ರಲ್ಲಿ ನೊಬೆಲ್ ಬಂತು, ಅದಕ್ಕೂ ನಿನ್ನ ಕಾಯಿಲೆಗೂ ನಂಟಿದೆ ಅಪ್ಪ" ಎಂದಳು. ಅದೇ ವಾರ ಒಬ್ಬ ಏಜೆಂಟ್ ಬಂದು, ರಕ್ತದಲ್ಲಿ ಅದನ್ನು ಪರೀಕ್ಷಿಸಿ ಬೇರುಸಹಿತ ಗುಣಪಡಿಸುತ್ತೇವೆ, ಹದಿನೆಂಟು ಸಾವಿರ ಆಗುತ್ತದೆ ಎಂದ. ದುಡ್ಡು ಹೊಂದಿಸಲೇ? ಮಗಳಿಗೂ ಇದು ಬರುತ್ತದೆಯೇ? ರಾತ್ರಿ ನಿದ್ದೆಗೆಡಿಸುವುದು ಈ ಎರಡನೆಯ ಪ್ರಶ್ನೆಯೇ.

ಉತ್ತರ: ಜೀವಶಾಸ್ತ್ರ ಉಪನ್ಯಾಸಕಿ, ರಾಯಚೂರು

ಅಣ್ಣನವರೇ, ದುಡ್ಡು ಕೊಡಬೇಡಿ. ಮಗಳು ಹೇಳಿದ್ದು ನಿಜ, ಏಜೆಂಟ್ ಹೇಳಿದ್ದು ಸುಳ್ಳು.

ಜೀನ್ ಎಂದರೆ ಕಟಿಂಗ್ ಮಾಸ್ಟರ್ ಬಳಿಯಿರುವ ಮೂಲ ಅಳತೆ ಎಂದುಕೊಳ್ಳಿ. ಅದರ ನಕಲು ಚೀಟಿ ಹೊಲಿಯುವವರ ಕೈಗೆ ಬಂದಾಗ ಪ್ರೋಟೀನ್ ತಯಾರಾಗುತ್ತದೆ. ಸುಮಾರು 22 ಅಕ್ಷರಗಳ ತುಣುಕಾದ ಮೈಕ್ರೋ ಆರ್‌ಎನ್‌ಎ ಆ ಚೀಟಿಗೆ ಅಂಟಿಕೊಂಡು ಕೆಲಸವನ್ನು ತಡೆಯುತ್ತದೆ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ 1993ರಲ್ಲಿ ಇದನ್ನು ತೋರಿಸಿಕೊಟ್ಟದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ!

ಸೋರಿಯಾಸಿಸ್ ಇರುವ ಚರ್ಮದಲ್ಲಿ ಮಿರ್-203 ಎಂಬ ಮೈಕ್ರೋ ಆರ್‌ಎನ್‌ಎ ಹೆಚ್ಚಾಗಿರುತ್ತದೆ ಎಂಬುದು 2007ರಲ್ಲಿ ಪ್ರಕಟವಾಯಿತು. ಉರಿಯೂತಕ್ಕೆ ಕಡಿವಾಣ ಹಾಕುವ ಎಸ್‌ಒಸಿಎಸ್-3 ಎಂಬ ಪ್ರೋಟೀನಿನ ಚೀಟಿಯನ್ನೇ ಅದು ತಡೆಯುತ್ತದೆ. ಮಿರ್-21 ಎಂಬ ಇನ್ನೊಂದು ಹೆಚ್ಚಾದಾಗ, ಸಾಯಬೇಕಾದ ಟಿ ಕೋಶಗಳು (ರೋಗನಿರೋಧಕ ಕೋಶಗಳು) ಉಳಿದುಕೊಳ್ಳುತ್ತವೆ. ಮಿರ್-125ಬಿ ಕಡಿಮೆಯಾಗುತ್ತದೆ, ಚರ್ಮದ ಕೋಶಗಳ ಬೆಳವಣಿಗೆಗೆ ತಡೆಯಿಲ್ಲದಂತಾಗುತ್ತದೆ. ತಿಂಗಳಲ್ಲಿ ಮೇಲೆ ಬಂದು ಉದುರಬೇಕಾದ ಕೋಶ ವಾರದೊಳಗೇ ಬರುತ್ತದೆ. ನೀವು ಒರೆಸುವ ಹೊಟ್ಟು ಅದೇ.

ಆದರೆ ಇದು ಪ್ರಯೋಗಾಲಯದ ತಿಳಿವಳಿಕೆ. ಸೋರಿಯಾಸಿಸ್‌ಗೆ ಮೈಕ್ರೋ ಆರ್‌ಎನ್‌ಎ ಔಷಧಿ ಇನ್ನೂ ಬಂದಿಲ್ಲ. ವೈದ್ಯರು ಚರ್ಮ ನೋಡಿಯೇ ಕಾಯಿಲೆ ಗುರುತಿಸುತ್ತಾರೆ. ತಂದೆಗಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು, ಬಂದೇ ಬರುತ್ತದೆ ಎಂದಿಲ್ಲ. ಮುಟ್ಟಿದರೆ ಅಂಟುವುದಂತೂ ಇಲ್ಲ. ಹೊಟ್ಟನ್ನು ಬಚ್ಚಿಡಬೇಡಿ.

ಉತ್ತರ: ಭತ್ತದ ಹೊಲದವನು, ಗಂಗಾವತಿ

ನನಗೂ ಹದಿನಾಲ್ಕು ವರ್ಷಗಳಿಂದ ಇದೆ. ಒಬ್ಬರು ಕೊಟ್ಟ ಪುಡಿಯಿಂದ ಹದಿನೈದು ದಿನಗಳಲ್ಲಿ ಮೈ ನುಣುಪಾಯಿತು. ಅದರಲ್ಲಿ ಸ್ಟೀರಾಯ್ಡ್ ಇತ್ತೆಂದು ಆಮೇಲೆ ತಿಳಿಯಿತು. ನಿಲ್ಲಿಸಿದ ಮೇಲೆ ಮೈತುಂಬ ಕೆಂಪಾಗಿ ಕೀವುಗುಳ್ಳೆ ಎದ್ದು ಆಸ್ಪತ್ರೆ ಸೇರಿದೆ. "ಬೇರುಸಹಿತ" ಎನ್ನುವವರ ಹತ್ತಿರ ಸುಳಿಯಬೇಡಿ.

ಉಜ್ಜಿದ ಜಾಗದಲ್ಲೇ ಮಚ್ಚೆ ಏಳುವುದಕ್ಕೆ ಕೋಬ್ನರ್ ಎಂಬ ಹೆಸರಿದೆ. ಹಲಗೆಯ ಅಂಚಿಗೆ ಮೆತ್ತನೆಯದೇನಾದರೂ ಸುತ್ತಿ. ಬೆಳಗಿನ ಹೊತ್ತು ಬೆರಳು ಬಿಗಿಯುತ್ತದೆಯೇ? ಹಾಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ, ಈ ಕಾಯಿಲೆ ಕೀಲಿಗೂ ಇಳಿಯುತ್ತದೆ.

ಜೀನ್ಸ್ ಹೊಲಿಯುವವನು, ಬಳ್ಳಾರಿ

ಅಕ್ಕನವರೇ, ಅಣ್ಣನವರೇ, ಏಜೆಂಟಿಗೆ ಬೇಡವೆಂದು ಹೇಳಿದೆ. ಹಲಗೆಯ ಅಂಚಿಗೆ ಹಳೆಯ ಡೆನಿಮ್ ಮೂರು ಪದರ ಮಡಚಿ ಮೊಳೆ ಹೊಡೆದಿದ್ದೇನೆ. ಬೆರಳು ಬಿಗಿಯುವುದು ನಿಜ. ಕತ್ತರಿ ಹಿಡಿದ ದಣಿವು ಎಂದುಕೊಂಡಿದ್ದೆ. ಸೋಮವಾರ ಕೆಲಸಕ್ಕೆ ರಜೆ ಹಾಕಿ ಚರ್ಮದ ವೈದ್ಯರ ಬಳಿ ಹೋಗುತ್ತೇನೆ. ಮಗಳೂ ಜೊತೆಗೆ ಬರುತ್ತಾಳಂತೆ.