ಸಹಾಯ ಬೇಕು: ಹೆಲೆನ್ ಟೌಸಿಗ್ ಬಗ್ಗೆ ಪಿಯುಸಿ ಹುಡುಗಿಯರಿಗೆ ಹೇಳಬೇಕು

ಎಲ್ಲರಿಗೂ ನಮಸ್ಕಾರ. ಮಕ್ಕಳ ಹೃದಯ ನೋಡುವ ಡಾಕ್ಟರು, ನರ್ಸ್‌ಗಳು ಇಲ್ಲಿ ಯಾರಾದರೂ ಇದ್ದೀರಾ?

ನಾನು ಪಿಯುಸಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮುಂದಿನ ವಾರ ಅಮೆರಿಕದ ಮಕ್ಕಳ ಹೃದಯದ ಡಾಕ್ಟರ್ ಹೆಲೆನ್ ಟೌಸಿಗ್ ಬಗ್ಗೆ ಮಾತಾಡಬೇಕು ಅಂತಿದ್ದೇನೆ. ಹಾರ್ವರ್ಡ್‌ನಲ್ಲಿ ಹೆಂಗಸರಿಗೆ ವೈದ್ಯ ಪದವಿ ಕೊಡದ ಕಾಲ ಅದು. ಅವರು ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ಗೆ ಹೋಗಿ 1927ರಲ್ಲಿ ಎಂಡಿ ಮುಗಿಸಿದರು. ಆಮೇಲೆ ಅಲ್ಲೇ ಮಕ್ಕಳ ಹೃದಯದ ಕ್ಲಿನಿಕ್ ನಡೆಸಿದರು. ಕಿವಿ ಮಂದವಾದಾಗ ಮಗುವಿನ ಎದೆ ಮೇಲೆ ಕೈಯಿಟ್ಟು, ಬೆರಳಲ್ಲೇ ಮಿಡಿತದ ವ್ಯತ್ಯಾಸ ಹಿಡಿಯುತ್ತಿದ್ದರು.

ನೀಲಿಗಟ್ಟುವ ಮಕ್ಕಳ ಶ್ವಾಸಕೋಶಕ್ಕೆ ರಕ್ತ ಸಾಲುತ್ತಿಲ್ಲ, ಇನ್ನೊಂದು ದಾರಿ (ಶಂಟ್) ಮಾಡಿಕೊಡಬಹುದಲ್ಲ ಅಂತ ಯೋಚಿಸಿದ್ದು ಅವರೇ. ಲ್ಯಾಬಿನಲ್ಲಿ ಸರ್ಜನ್ ಆಲ್ಫ್ರೆಡ್ ಬ್ಲೇಲಾಕ್ ಅವರ ಸಹಾಯಕ ವಿವಿಯನ್ ಥಾಮಸ್ ಅದನ್ನು ಮಾಡಿ ತೋರಿಸಿದರು. 1944ರ ನವೆಂಬರ್ 29ರಂದು ಬ್ಲೇಲಾಕ್ ಮೊದಲ ಮಗುವಿಗೆ ಆಪರೇಷನ್ ಮಾಡಿದರು. ಇಷ್ಟಾದರೂ ಟೌಸಿಗ್ ಅವರಿಗೆ ಪೂರ್ಣ ಪ್ರೊಫೆಸರ್ ಹುದ್ದೆ ಸಿಕ್ಕಿದ್ದು 1959ರಲ್ಲಿ! ಓದಿ ತುಂಬಾ ಬೇಜಾರಾಯಿತು.

ನನ್ನ ಅಕ್ಕನ ಮಗನಿಗೂ ಅತ್ತರೆ ಸಾಕು, ತುಟಿ, ಉಗುರು ನೀಲಿಯಾಗುತ್ತಿತ್ತು. ಆಪರೇಷನ್ ಆಯಿತು. ಈಗ ಸಂಜೆಯೆಲ್ಲಾ ಸೈಕಲ್ ತುಳಿಯುತ್ತಾನೆ. ಅದಕ್ಕೇ ಇದನ್ನು ಸುಮ್ನೆ ಓದಿ ಹೇಳಿ ಮುಗಿಸಲು ಮನಸ್ಸಿಲ್ಲ.

ಶಂಟ್ ಅಂದರೆ ಏನು ಅಂತ ಅಪ್ಪ ಅಮ್ಮಂದಿರಿಗೆ ಕನ್ನಡದಲ್ಲಿ ಹೇಗೆ ಹೇಳುತ್ತೀರಿ? ‘ಅಡ್ಡದಾರಿ’ ಅಂದರೆ ಬೇರೆ ಅರ್ಥ ಬರುತ್ತದೆ ಅಲ್ವಾ? ಮತ್ತೆ, ಮೆಡಿಕಲ್ ಕಾಲೇಜಿನಲ್ಲಿ ಇರುವವರು ಓಪಿಡಿ, ಪಾಠ, ಸಂಶೋಧನೆ ಮೂರನ್ನೂ ಒಂದೇ ದಿನದಲ್ಲಿ ಹೇಗೆ ನಿಭಾಯಿಸುತ್ತೀರಿ ಅಂತ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರೆ ಕ್ಲಾಸಿನಲ್ಲಿ ಕೇಳಿಸುತ್ತೇನೆ. ಡಾಕ್ಟರಾಗಬೇಕು ಅನ್ನುವ ಹುಡುಗಿಯರು ಜಾಸ್ತಿ ಇದ್ದಾರೆ. ಗುರುವಾರದೊಳಗೆ ಸಿಕ್ಕರೆ ದೊಡ್ಡ ಉಪಕಾರ.