ಅಪ್‌ಡೇಟ್: ಬಿಷಪ್ ಬೆನ್ಸನ್ ಸಹಿಯ ಗೊಂದಲ ಬಗೆಹರಿಯಿತು

ಹೋದ ವಾರ ಕೇಳಿದ್ದೆ: ಇಂಗ್ಲೆಂಡಿನ ಎಡ್ವರ್ಡ್ ವೈಟ್ ಬೆನ್ಸನ್ ಮನೆಯ ಕಾಗದಗಳಲ್ಲಿ ‘ಟ್ರೂರನ್’, ‘ಕ್ಯಾಂಟುವಾರ್’ ಅಂತ ಸಹಿ ಇದೆ, ಇವರಿಬ್ಬರು ಯಾರು ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಇಬ್ಬರೂ ಬೆನ್ಸನ್ನೇ! ಅಲ್ಲಿ ಬಿಷಪ್ ಆದವರು ಮನೆತನದ ಹೆಸರು ಬಿಟ್ಟು, ತಮ್ಮ ಪೀಠದ ಊರನ್ನು ಲ್ಯಾಟಿನ್‌ನಲ್ಲಿ ಮೊಟಕು ಮಾಡಿ ಸಹಿ ಹಾಕುತ್ತಾರೆ. ಟ್ರೂರೋ ಊರು ‘ಟ್ರೂರನ್’, ಕ್ಯಾಂಟರ್ಬರಿ ‘ಕ್ಯಾಂಟುವಾರ್’. ಕೊನೆಯ ಎರಡು ಚುಕ್ಕಿ ಶಾಯಿ ಕಲೆ ಅಂದುಕೊಂಡಿದ್ದೆ. ಅದು ಪದ ಮೊಟಕಾಗಿದೆ ಅನ್ನೋ ಗುರುತಂತೆ. ನಮ್ಮಲ್ಲೂ ಹೆಸರಿನ ಜೊತೆ ಊರು ಇರುತ್ತೆ, ಆದರೂ ಹೊಳೆಯಲಿಲ್ಲ ನೋಡಿ.

ಇದರಿಂದ ತಾರೀಖಿಲ್ಲದ ಕಾಗದಗಳೂ ಸಾಲಿಗೆ ಬಂದವು. ಬೆನ್ಸನ್ ಟ್ರೂರೋ ಪೀಠಕ್ಕೆ ಬಂದದ್ದು 1877ರಲ್ಲಿ, ಕ್ಯಾಂಟರ್ಬರಿ ಪೀಠಕ್ಕೆ 1883ರಲ್ಲಿ. ‘ಬೆನ್ಸನ್’ ಅಂತಿದ್ದರೆ 1877ಕ್ಕೆ ಮುಂಚಿನದು. ‘ಟ್ರೂರನ್’ ಇದ್ದರೆ 1877ರಿಂದ 1883ರ ಒಳಗೆ. ಆಮೇಲೆ, 1896ರಲ್ಲಿ ಸಾಯುವವರೆಗೆ, ‘ಕ್ಯಾಂಟುವಾರ್’.

ಹೆಂಡತಿ ಮೇರಿ ಕಾಗದಗಳಿಗೆ ಈ ಉಪಾಯ ನಡೆಯಲ್ಲ, ಬಿಷಪ್ಪರ ಹೆಂಡತಿಗೆ ಇಂಥ ಸಹಿ ಇಲ್ಲ. ಅಲ್ಲಿ ಮನೆಯ ಸುದ್ದಿಯೇ ಆಧಾರ. ದೊಡ್ಡ ಮಗ ಮಾರ್ಟಿನ್ 1878ರಲ್ಲಿ, 17ನೇ ವಯಸ್ಸಿಗೆ, ವಿಂಚೆಸ್ಟರ್ ಶಾಲೆಯಲ್ಲಿದ್ದಾಗಲೇ ತೀರಿಕೊಂಡ. ಸದ್ಯ ಅವನು ಇದ್ದಾಗಿನವು, ಹೋದಮೇಲಿನವು ಅಂತ ಎರಡು ಕಟ್ಟು ಮಾಡಿಟ್ಟಿದ್ದೇನೆ.