ರೇ ಚಾರ್ಲ್ಸ್ ಎಲ್‌ಪಿ ಹಾಕಿದ್ರೆ ಬೇಸ್ ಮಾಯ, ಆರ್ಗನ್ ತಲೆ ಹಿಂದಿಂದ ಕೇಳಿಸುತ್ತೆ, ಯಾರಾದ್ರೂ ಹೇಳಿ

ತಿರುಗುತಟ್ಟೆ: ಮೂರು ದಿನದಿಂದ ತಲೆ ಕೆಟ್ಟೋಗಿದೆ. ಅಮೆರಿಕದ ಗಾಯಕ ರೇ ಚಾರ್ಲ್ಸ್‌ದು, 1961ರ "ಜೀನಿಯಸ್ + ಸೋಲ್ = ಜಾಝ್" ಸ್ಟೀರಿಯೋ ಎಲ್‌ಪಿ, ವರ್ಷಗಟ್ಟಲೆ ಹುಡುಕಿದ್ಮೇಲೆ ಸಿಕ್ಕಿದ್ದು. ಅದರಲ್ಲಿರೋ "ಒನ್ ಮಿಂಟ್ ಜುಲೆಪ್" ಹಾಕಿದ್ರೆ ಟ್ರಂಪೆಟ್‌ಗಳು ಕಿರುಚ್ತವೆ ಆದ್ರೆ ಬೇಸ್, ಅಂದ್ರೆ ತಗ್ಗಿನ ದಪ್ಪ ಸದ್ದು, ಇಲ್ವೇ ಇಲ್ಲ, ರೇ ನುಡಿಸೋ ಹ್ಯಾಮಂಡ್ ಆರ್ಗನ್ ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗಲ್ಲ. ಅದೇ ಸ್ಪೀಕರಲ್ಲಿ ಫೋನಿಂದ ಕೇಳಿದ್ರೆ ಸರಿಯಾಗೇ ಇದೆ. ರೆಕಾರ್ಡ್ ತೊಳೆದಿದ್ದೂ ಆಯ್ತು.

ವಜ್ರಸೂಜಿ: ಸೂಜಿ ಸವೆದಿದೆ. ಎಷ್ಟು ಗಂಟೆ ಓಡಿದೆ?

ತಿರುಗುತಟ್ಟೆ: ಸೂಜಿ ಹೊಸದು ಸಾರ್.

ವಜ್ರಸೂಜಿ: ಹೊಸದೂ ಕೆಟ್ಟಿರುತ್ತೆ. ಅಷ್ಟೊಂದು ಬ್ರಾಸ್ ಒಟ್ಟಿಗೆ ಊದಿದಾಗ ಸೂಜಿಗೆ ಕಷ್ಟ, ಟ್ರ್ಯಾಕಿಂಗ್ ಫೋರ್ಸ್, ಅಂದ್ರೆ ಸೂಜಿ ರೆಕಾರ್ಡ್ ಮೇಲೆ ಒತ್ತೋ ಭಾರ, ಸ್ವಲ್ಪ ಏರಿಸಿ.

ತಿರುಗುತಟ್ಟೆ: 1.8ರಿಂದ 2 ಗ್ರಾಮ್ ಮಾಡ್ದೆ. ಏನೂ ಬದಲಾಗ್ಲಿಲ್ಲ.

ಬೇಸಿಭಕ್ತ: ಎಂಥಾ ರೆಕಾರ್ಡ್ ಗುರು ಅದು! ಜಾಝ್ ಪಿಯಾನೋ ವಾದಕ ಕೌಂಟ್ ಬೇಸಿ ಬ್ಯಾಂಡಿನವರೇ ತುಂಬಿದಾರೆ, ಬೇಸಿ ಕೂರೋ ಜಾಗದಲ್ಲಿ ರೇ, ಕ್ವಿನ್ಸಿ ಜೋನ್ಸ್ ಅರೇಂಜ್‌ಮೆಂಟ್ (ವಾದ್ಯ ಸಂಯೋಜನೆ). ಆದ್ರೆ ಸೋಲ್ (ಭಾವ ತುಂಬಿ ಹಾಡೋ ಶೈಲಿ) ಆಲ್ಬಮ್ ಅನ್ನೋಕಾಗಲ್ಲ, 10 ಟ್ರ್ಯಾಕಲ್ಲಿ 2ರಲ್ಲಿ ಮಾತ್ರ ಹಾಡಿರೋದು.

ಹುಬ್ಬಳ್ಳಿ_ಹಾರ್ನ್: ರಾಲ್ಫ್ ಬರ್ನ್ಸ್ ಹೆಸರು ಯಾಕ್ ಬಿಟ್ರಿ? ಅರೇಂಜ್‌ಮೆಂಟ್ ಇಬ್ಬರದೂ ಐತಿ. "ಜುಲೆಪ್" ನಡುವ ರೇ ಒಂದು ಸಾಲು ಮಾತಾಡ್ತಾನಲ್ಲ, ಆ ಒಂದು ಸಾಲಿನಾಗ ಇರೋ ಸೋಲ್ ಸಾಕ್ರಿ.

ಬೇಸಿಭಕ್ತ: ಮಾತಾಡಿದ್ದನ್ನ ಹಾಡಿನ ಲೆಕ್ಕಕ್ಕೆ ಹಿಡಿಯೋದಾ?

ಮೋನೋಬಟನ್: ಅದು ಆಮೇಲೆ. ತಿರುಗುತಟ್ಟೆ ಅವ್ರೇ, ಹೊಸದು ಅಂದ್ರೆ ಸೂಜಿ ಮಾತ್ರನಾ, ಸೂಜಿ ಕೂರೋ ಇಡೀ ಕಾರ್ಟ್ರಿಜ್ಜಾ? ಯಾರು ಹಾಕಿದ್ದು? ಒಂದು ಮೋನೋ ರೆಕಾರ್ಡ್ (ಎಡ ಬಲ ಎರಡರಲ್ಲೂ ಒಂದೇ ಸದ್ದು ಇರೋದು) ಹಾಕಿ, ಆಂಪ್ಲಿಫೈಯರ್ ಮೇಲಿರೋ, ಎರಡೂ ಚಾನೆಲ್ ಕೂಡಿಸೋ ಮೋನೋ ಬಟನ್ ಒತ್ತಿ, ಏನಾಗುತ್ತೆ ಹೇಳಿ.

ತಿರುಗುತಟ್ಟೆ: ಕಾರ್ಟ್ರಿಜ್ಜೇ ಹೊಸದು, ಭಾನುವಾರ ನಾನೇ ಹಾಕ್ದೆ, ಅದನ್ನ ಹೇಳ್ಬೇಕು ಅನ್ನಿಸ್ಲಿಲ್ಲ. ಹಳೇ ಕನ್ನಡ ಸಿನಿಮಾ ಹಾಡಿನ ಎಲ್‌ಪಿ ಹಾಕಿ ಬಟನ್ ಒತ್ತಿದ್ರೆ ಹಾಡೇ ಹೋಗ್ಬಿಡ್ತು, ಬರೀ ಚಟಪಟ ಸದ್ದು!!

ಮೋನೋಬಟನ್: ಹಾಗಾದ್ರೆ ಒಂದು ಚಾನೆಲ್ ಫೇಸ್ (ಸದ್ದಿನ ಅಲೆಯ ಏರಿಳಿತ) ಉಲ್ಟಾ ಆಗಿದೆ. ಎಡಗಡೆ ಸ್ಪೀಕರ್ ಕೋನ್ ಮುಂದೆ ಬಂದಾಗ ಬಲಗಡೇದು ಹಿಂದೆ ಹೋಗ್ತಿದೆ, ಅದಕ್ಕೇ ಎರಡೂ ಕಡೆ ಬೇಸ್ ಒಂದನ್ನೊಂದು ತಿಂದುಹಾಕ್ತಿದೆ. ಹೆಡ್‌ಶೆಲ್ (ಕಾರ್ಟ್ರಿಜ್ ಕೂರೋ ಹಿಡಿ) ಬಿಚ್ಚಿ ನಾಲ್ಕು ವೈರ್ ನೋಡಿ: ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್, ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ವೈರ್ ಹಿಡಿದು ಎಳೀಬೇಡಿ, ಕೂದಲಿನಷ್ಟು ಸಣ್ಣ, ಕಿತ್ತೋಗುತ್ತೆ. ತುದೀಲಿರೋ ಕ್ಲಿಪ್ ಹಿಡಿದು ಚಿಮುಟದಲ್ಲಿ ಮೆಲ್ಲಗೆ ಎಳೀರಿ.

ವಜ್ರಸೂಜಿ: ಆದ್ರೂ ಸೂಜಿ ಒಂದ್ಸಲ ಮೈಕ್ರೋಸ್ಕೋಪಲ್ಲಿ ನೋಡಿಸಿ. ನನ್ನ ಟರ್ನ್‌ಟೇಬಲ್‌ಗೆ ಎರಡು ಟೋನ್‌ಆರ್ಮ್ (ಸೂಜಿ ಹಿಡಿಯೋ ತೋಳು), ಒಂದರಲ್ಲಿ ಮೋನೋ ಕಾರ್ಟ್ರಿಜ್ ಖಾಯಂ, ಪ್ರತಿ ಸೂಜಿಗೂ ಗಂಟೆ ಲೆಕ್ಕ ಬರೆದಿಡ್ತೀನಿ. ಫೋಟೋ ಹಾಕ್ತೀನಿ ಇರಿ.

ತಿರುಗುತಟ್ಟೆ: ಕೆಂಪು ಹಸಿರು ಅದಲು ಬದಲಾಗಿತ್ತು! ಪಿನ್ ಪಕ್ಕದ ಅಕ್ಷರ ಎಷ್ಟು ಚಿಕ್ಕದು ಅಂದ್ರೆ ಫೋನ್ ಟಾರ್ಚ್ ಹಿಡಿದು ತಂಗಿ ಓದಿ ಹೇಳಿದ್ಲು. ಬೇಸ್ ಎದೆಗೆ ಬಂದು ತಾಗ್ತಿದೆ, "ಐವ್ ಗಾಟ್ ನ್ಯೂಸ್ ಫಾರ್ ಯೂ" ಅಲ್ಲಿ ರೇ ಎದುರಿಗೇ ಕೂತು ಹಾಡ್ದಂಗಿದೆ. ಮೋನೋಬಟನ್ ಸಾರ್, ತುಂಬಾ ತುಂಬಾ ಥ್ಯಾಂಕ್ಸ್.

ಹುಬ್ಬಳ್ಳಿ_ಹಾರ್ನ್: ಈಗ ಹೇಳ್ರಿ, ಅದು ಸೋಲ್ ಹೌದೋ ಅಲ್ಲೋ?

ಬೇಸಿಭಕ್ತ: ಆ ಎರಡು ಹಾಡು ಸೋಲ್, ಒಪ್ಪಿದೆ. ಇದರ ಮೋನೋ ಪ್ರೆಸ್ಸಿಂಗ್ ಯಾರ ಹತ್ರ ಆದ್ರೂ ಇದೆಯಾ?